ಮಹಾರಾಜರ ಕುದುರೆ ಓಟ

ಬೋರ್ಡ್ ಗೇಮ್, ಪಜಲ್ ಅಂದ್ರೆ ಪ್ರಾಣ ಬಿಡೋರೇ, ನಿಮ್ಮ ಬಳಗದ ಹಿರಿಯರೊಬ್ಬರು ಮೈಸೂರು ಅರಮನೆಯಲ್ಲಿದ್ದರು: ಮುಮ್ಮಡಿ ಕೃಷ್ಣರಾಜ ಒಡೆಯರು.

ಚದುರಂಗದ ಕುದುರೆ ಗೊತ್ತಲ್ಲ? ಎರಡು ಮನೆ ನೇರ, ಒಂದು ಪಕ್ಕಕ್ಕೆ. ಇದೇ ನಡೆಯಲ್ಲಿ 64 ಮನೆಯನ್ನೂ ಸುತ್ತಬೇಕು; ಯಾವ ಮನೆಗೂ ಎರಡನೇ ಸಲ ಕಾಲಿಡಬಾರದು. ಅಷ್ಟು ಮಾಡೋದೇ ಕಷ್ಟ. ಒಡೆಯರು ಇನ್ನೂ ಮುಂದೆ ಹೋದರು. ಅವರ ಕುದುರೆ ಮುಟ್ಟಿದ ಕ್ರಮದಲ್ಲೇ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆಯಿರಿ. ಯಾವ ಅಡ್ಡಸಾಲು ಕೂಡಿ, ಯಾವ ಉದ್ದಸಾಲು ಕೂಡಿ, ಮೊತ್ತ 260! ಅದೂ 19ನೇ ಶತಮಾನದಲ್ಲಿ, ಕಂಪ್ಯೂಟರ್ ಇಲ್ಲದೆ.

ಇಸ್ಪೀಟಿನಂಥ ಹಳೆಯ ಎಲೆಯಾಟ ಗಂಜೀಫಾದಲ್ಲೂ ಒಡೆಯರು ಹೊಸ ಆಟ ಕಟ್ಟಿದರು. ದಶಾವತಾರ ಗಂಜೀಫಾಕ್ಕೆ 120 ಎಲೆ ಸಾಕು, ಇವರ ಚಾಮುಂಡೇಶ್ವರಿ ಆಟಕ್ಕೆ 320.

ಇವತ್ತೇ ಮಣೆ ತಗೊಂಡು ಕುದುರೆ ಓಡಿಸಿ ನೋಡಿ. ಮುಂದಕ್ಕೆ ದಾರಿ ಕಡಿಮೆ ಇರೋ ಮನೆಗೇ ಮೊದಲು ಹೋಗಿ.