ಒಂದು ವಸ್ತುವಿಗೆ ಒಂದು ಮಾತು
ಗಣಕದ ಕೈಪಿಡಿಗೆ ಪದಕೋಶವನ್ನು ರಚಿಸುವ ಬಗೆ

ಯಂತ್ರವು ಊರಿಗೆ ಬಂದಾಗ ತನ್ನೊಡನೆ ಮಾತುಗಳನ್ನೂ ತರುತ್ತದೆ. 1904ರಲ್ಲಿ ಇಚಲಕರಂಜಿಯ ಜಹಗೀರುದಾರರಾಗಿದ್ದ ನಾರಾಯಣರಾವ ಘೋರ್ಪಡೆಯವರ ಉತ್ತೇಜನದಿಂದ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಅಂದಿನಿಂದ ಇಂದಿನವರೆಗೆ ಇಚಲಕರಂಜಿ, ಕಬನೂರಗಳ ಮಗ್ಗದ ಮನೆಗಳಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮಾತುಗಳು ಕೂಡಿಯೇ ನಡೆದುಬಂದಿವೆ. ಹೊಕ್ಕಿನ ನೂಲನ್ನು ಅತ್ತಿಂದಿತ್ತ ಒಯ್ಯುವ ಸಾಧನಕ್ಕೆ ಕನ್ನಡಿಗನು ಲಾಳಿಯೆಂದರೆ ಮರಾಠಿಗನು ಧೋಟಾ ಎನ್ನುತ್ತಾನೆ. ಬಿಡಿಭಾಗಗಳ ಅಂಗಡಿಯಲ್ಲಿ ಅದೇ ಶಟಲ್ ಆಗುತ್ತದೆ. ಆದರೂ ಕೆಲಸ ಕೆಡುವುದಿಲ್ಲ. ವಸ್ತುವು ಕಣ್ಣೆದುರಿಗೇ ಇದೆ. ಮಾತು ತಿಳಿಯದಿದ್ದರೆ ಬೆರಳು ಮಾಡಿ ತೋರಿಸಬಹುದು.

ಗಣಕಯಂತ್ರದ ವಿಷಯದಲ್ಲಿ ಈ ಅನುಕೂಲವಿಲ್ಲ. ಅದರೊಳಗೆ ಕೆಲಸ ಮಾಡುವ ತಂತ್ರಾಂಶಕ್ಕೆ ಕೈಯಿಂದ ಮುಟ್ಟಬಹುದಾದ ಆಕಾರವಿಲ್ಲ. ತೆರೆಯ ಮೇಲೆ ಮೂಡುವ ಹೆಸರುಗಳೂ ಜೊತೆಗೆ ಕೊಟ್ಟ ಕೈಪಿಡಿಯ ವಾಕ್ಯಗಳೂ ಮಾತ್ರವೇ ಬಳಸುವವನಿಗೆ ಆಧಾರ. ಕೈಪಿಡಿಯಲ್ಲಿ ಒಂದು ಪುಟದಲ್ಲಿ ಒಂದು ಹೆಸರು, ಮುಂದಿನ ಪುಟದಲ್ಲಿ ಬೇರೊಂದು ಹೆಸರು ಬಂದಿತೆಂದರೆ, ಅವು ಎರಡು ವಸ್ತುಗಳೋ ಒಂದೇ ವಸ್ತುವೋ ಎಂದು ನಿರ್ಣಯಿಸಲು ಅವನಿಗೆ ಬೇರೆ ದಾರಿಯಿಲ್ಲ. ಆದುದರಿಂದಲೇ ತಂತ್ರಾಂಶದ ಕೈಪಿಡಿಯನ್ನು ಬರೆಯುವವರು ಮೊದಲು ಒಂದು ಚಿಕ್ಕ ಪದಕೋಶವನ್ನು ಸಿದ್ಧಪಡಿಸಿಕೊಳ್ಳಬೇಕೆಂಬ ನಿಯಮವು ಎಲ್ಲ ಭಾಷೆಗಳಲ್ಲಿಯೂ ನೆಲೆಗೊಂಡಿದೆ. ಆ ಪದಕೋಶವನ್ನು ಕಟ್ಟುವ ಕೆಲಸ ಎಂತಹುದು, ಅದರಲ್ಲಿ ಗಡಿನಾಡಿನ ಕನ್ನಡಿಗರ ಪಾಲು ಏನು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮಾತು ತಪ್ಪಿದರೆ ಕೆಲಸ ತಪ್ಪೀತು

ಒಂದು ಸಹಕಾರಿ ಪತ್ತಿನ ಸಂಘದ ಲೆಕ್ಕಪತ್ರಗಳಿಗಾಗಿ ಮಾಡಿದ ತಂತ್ರಾಂಶಕ್ಕೆ ಕನ್ನಡದಲ್ಲಿ ಕೈಪಿಡಿ ಬರೆಯಬೇಕಾಗಿದೆಯೆಂದು ಭಾವಿಸೋಣ. ಲೇಖಕನು ಸರಳವಾಗಿರಲೆಂದು ‘ಕಡತವನ್ನು ತೆಗೆಯಿರಿ’ ಎಂದು ಬರೆದನೆನ್ನಿ. ನಮ್ಮ ಮನೆಗಳಲ್ಲಿ ‘ಬಾಗಿಲು ತೆಗೆ’ ಎಂದರೆ ತೆರೆ ಎಂದರ್ಥ. ‘ಕಸ ತೆಗೆ’ ಎಂದರೆ ಇಲ್ಲದಂತೆ ಮಾಡು ಎಂದರ್ಥ. ಒಬ್ಬ ಗುಮಾಸ್ತನು ಆ ವಾಕ್ಯವನ್ನು ಓದಿ ಕಡತವನ್ನು ತೆರೆದು ನೋಡಿಯಾನು. ಇನ್ನೊಬ್ಬನು ಅದನ್ನು ಅಳಿಸಿಯೇ ಬಿಟ್ಟಾನು. ಇಬ್ಬರ ಕನ್ನಡವೂ ಸರಿಯಾದುದೇ. ತಪ್ಪು, ಎರಡು ಅರ್ಥಗಳಿಗೆ ಒಂದೇ ಮಾತನ್ನು ಬಿಟ್ಟುಕೊಟ್ಟ ಲೇಖಕನದು. ‘ತೆರೆ’ ಎಂದರೆ ಇದು, ‘ಅಳಿಸು’ ಎಂದರೆ ಇದು, ‘ತೆಗೆ’ ಎಂಬುದನ್ನು ಈ ಕೈಪಿಡಿಯಲ್ಲಿ ಬಳಸಕೂಡದು ಎಂದು ಮೊದಲೇ ಗೊತ್ತುಪಡಿಸಿದ್ದರೆ ವರ್ಷದ ಲೆಕ್ಕ ಉಳಿಯುತ್ತಿತ್ತು.

ಇಂಗ್ಲಿಷ್ ಮಾತನ್ನೇ ಇಟ್ಟುಕೊಂಡರೆ ಈ ತೊಡಕು ತಪ್ಪುವುದೆಂದು ಹಲವರು ತಿಳಿಯುತ್ತಾರೆ. ‘ಡಿಫಾಲ್ಟ್’ ಎಂಬ ಮಾತನ್ನು ನೋಡಿರಿ. ಸಾಲದ ಕಂತು ಕಟ್ಟದೆ ಉಳಿದುದಕ್ಕೆ ಬ್ಯಾಂಕಿನವರು ಹೀಗೆನ್ನುತ್ತಾರೆ. ಕನ್ನಡದಲ್ಲಿ ಅದು ಸುಸ್ತಿ. ತಂತ್ರಾಂಶದವರ ಬಾಯಲ್ಲಿ ಅದೇ ಮಾತಿಗೆ, ನಾವು ಬೇರೆ ಆಯ್ಕೆ ಮಾಡದಿದ್ದಾಗ ಯಂತ್ರವು ತಾನಾಗಿ ಹಿಡಿಯುವ ಬೆಲೆ ಎಂದರ್ಥ. ಇದಕ್ಕೆ ಕನ್ನಡದಲ್ಲಿ ‘ಪೂರ್ವನಿಯೋಜಿತ’ ಎಂಬ ಮಾತು ಬಳಕೆಗೆ ಬಂದಿದೆ. ಹೀಗಿರಲು ‘ಡಿಫಾಲ್ಟ್ ಬಡ್ಡಿಯ ದರ’ ಎಂದು ಕೈಪಿಡಿಯಲ್ಲಿ ಬರೆದರೆ ಅದು ಸುಸ್ತಿದಾರನಿಗೆ ಹಾಕುವ ದಂಡದ ಬಡ್ಡಿಯೋ, ಎಲ್ಲರಿಗೂ ಸಾಮಾನ್ಯವಾಗಿ ಹಾಕುವ ಬಡ್ಡಿಯೋ? ಇಲ್ಲಿ ಪದದ ಚರ್ಚೆಯೆಂದರೆ ರೈತನೊಬ್ಬನ ಸಾಲದ ಲೆಕ್ಕದ ಚರ್ಚೆಯೇ ಆಗುತ್ತದೆ.

ಹಿರಿಯರು ಹಾಕಿಕೊಟ್ಟ ದಾರಿ

ಕೋಶರಚನೆಯು ನಮಗೆ ಹೊಸತಲ್ಲ. ಸಂಸ್ಕೃತದ ಅಮರಕೋಶವು ಪದಗಳನ್ನು ಅಕ್ಷರಗಳ ಕ್ರಮದಲ್ಲಿ ಇಡದೆ ವಸ್ತುಗಳ ವರ್ಗಗಳಾಗಿ ವಿಂಗಡಿಸಿತು. ಚಾಲುಕ್ಯರ ಕಾಲದ ಎರಡನೆಯ ನಾಗವರ್ಮನು ಸಂಸ್ಕೃತ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ತನ್ನ ಗ್ರಂಥಕ್ಕೆ ‘ಅಭಿಧಾನ ವಸ್ತುಕೋಶ’ ಎಂದು ಹೆಸರಿಟ್ಟನು. ಹದಿನಾರನೆಯ ಶತಮಾನದ ಲಿಂಗಮಂತ್ರಿಯು ಹಳಗನ್ನಡದ ಮಾತುಗಳಿಗೆ ಅರ್ಥ ಬರೆದು ಅದನ್ನು ‘ಕಬ್ಬಿಗರ ಕೈಪಿಡಿ’ ಎಂದು ಕರೆದನು. ಇಂದು ಯಂತ್ರದ ಜೊತೆಗೆ ಬರುವ ಪುಸ್ತಕಕ್ಕೂ ನಾವು ಕೈಪಿಡಿ ಎಂದೇ ಹೇಳುತ್ತೇವೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲರ ನಿಘಂಟು, ಜಿ. ವೆಂಕಟಸುಬ್ಬಯ್ಯನವರ ಮುಂದಾಳ್ತನದಲ್ಲಿ ಎಂಟು ಸಂಪುಟಗಳಾಗಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, ಇವುಗಳನ್ನು ಎದುರಿಗಿಟ್ಟುಕೊಂಡೇ ಇಂದಿನ ಪದಕೋಶಕಾರನು ಕೆಲಸಕ್ಕೆ ತೊಡಗಬೇಕು.

ಆದರೆ ನಿಘಂಟಿಗೂ ಪದಕೋಶಕ್ಕೂ ಒಂದು ಮುಖ್ಯ ಭೇದವುಂಟು. ನಿಘಂಟು ಒಂದು ಮಾತನ್ನು ಹಿಡಿದು ಅದಕ್ಕಿರುವ ಅರ್ಥಗಳನ್ನೆಲ್ಲ ಹೇಳುತ್ತದೆ. ಪದಕೋಶವು ಒಂದು ಅರ್ಥವನ್ನು ಹಿಡಿದು ಅದಕ್ಕೆ ಒಂದು ಮಾತನ್ನು ನಿಲ್ಲಿಸುತ್ತದೆ. ಪರಿಭಾಷಾಶಾಸ್ತ್ರದ ಜನಕನೆನಿಸಿದ ಆಸ್ಟ್ರಿಯದ ಇಂಜಿನಿಯರ್ ಆಯ್ಗೆನ್ ವ್ಯೂಸ್ಟರ್ 1968ರಲ್ಲಿ ಯಂತ್ರೋಪಕರಣಗಳ ಬಗ್ಗೆ ಪ್ರಕಟಿಸಿದ ದ್ವಿಭಾಷಾ ಕೋಶವನ್ನು ವಸ್ತುಕ್ರಮದಲ್ಲಿಯೇ ಜೋಡಿಸಿದನು. ಮೊದಲು ವಸ್ತುವೇನೆಂದು ನಿಶ್ಚಯಿಸು, ಆಮೇಲೆ ಹೆಸರಿಡು ಎಂಬುದೇ ಅವನ ವಿಧಾನದ ಸಾರ. ನಮ್ಮ ಮಗ್ಗದ ಮಾತಿನಲ್ಲಿ ಹೇಳುವುದಾದರೆ, ಲಾಳಿ, ಧೋಟಾ, ಶಟಲ್ ಎಂಬವು ಮೂರು ನಮೂದುಗಳಲ್ಲ. ಒಂದೇ ನಮೂದಿನ ಮೂರು ಹೆಸರುಗಳು.

ಮಾತನ್ನು ಆಯುವ ಬಗೆ

ಹೊಸ ವಸ್ತುವಿಗೆ ಹೆಸರಿಡಲು ಮೂರು ದಾರಿಗಳಿವೆ. ಮೊದಲನೆಯದು, ಇದ್ದ ಮಾತಿನ ಅರ್ಥವನ್ನು ಹಿಗ್ಗಿಸುವುದು. ಇದಕ್ಕೆ ‘ಕಡತ’ ಎಂಬುದಕ್ಕಿಂತ ಚೆಲುವಾದ ಉದಾಹರಣೆ ದೊರೆಯಲಾರದು. ಹಿಂದಿನ ಕಾಲದಲ್ಲಿ ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಆ ಕಪ್ಪು ಬಟ್ಟೆಯ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಸುಪರಿಚಿತವಾದುವು. ಮುಂದೆ ಸರಕಾರಿ ಕಚೇರಿಯ ಫೈಲಿಗೆ ಆ ಹೆಸರು ಬಂದಿತು. ಈಗ ಗಣಕದೊಳಗಿನ ಫೈಲಿಗೂ ಅದೇ ಹೆಸರು. ನೇಕಾರನ ಬಟ್ಟೆಯಿಂದ ಹುಟ್ಟಿದ ಮಾತು ಇಷ್ಟು ದೂರ ನಡೆದುಬಂದಿದೆ. ‘ಗಣಕ’ನೆಂದರೆ ಮೊದಲು ಲೆಕ್ಕ ಮಾಡುವ ಮನುಷ್ಯ, ಇಂಗ್ಲಿಷಿನ ಕಂಪ್ಯೂಟರ್ ಎಂಬುದೂ ಹಿಂದೆ ಮನುಷ್ಯನ ಹೆಸರೇ ಆಗಿತ್ತು.

ಎರಡನೆಯದು, ಹೊಸ ಮಾತನ್ನು ಟಂಕಿಸುವುದು. ತಂತ್ರಾಂಶ, ಯಂತ್ರಾಂಶ, ಅಂತರಜಾಲ, ಜಾಲತಾಣ, ಕೀಲಿಮಣೆ ಇವೆಲ್ಲ ಹೀಗೆ ಹುಟ್ಟಿ ಇಂದು ಪತ್ರಿಕೆಗಳ ಸಾಮಾನ್ಯ ಮಾತುಗಳಾಗಿವೆ. ಮೂರನೆಯದು, ಬಂದ ಮಾತನ್ನು ಇದ್ದಂತೆ ಸ್ವೀಕರಿಸುವುದು. ಮೌಸ್, ಫಾಂಟ್ ಎಂಬವುಗಳಿಗೆ ಕನ್ನಡ ಹೆಸರು ಹುಡುಕುವ ಹಟ ಬೇಕಿಲ್ಲ. 1961ರಲ್ಲಿ ಸ್ಥಾಪಿತವಾದ ಕೇಂದ್ರ ಸರಕಾರದ ವೈಜ್ಞಾನಿಕ ಮತ್ತು ತಾಂತ್ರಿಕ ಶಬ್ದಾವಳಿ ಆಯೋಗವೂ ಅಂತರರಾಷ್ಟ್ರೀಯ ಪದಗಳನ್ನು ಲಿಪ್ಯಂತರಿಸಿ ಉಳಿಸಿಕೊಳ್ಳುವುದನ್ನೇ ತನ್ನ ತತ್ತ್ವಗಳಲ್ಲಿ ಒಂದಾಗಿ ಇರಿಸಿಕೊಂಡಿತು. ‘ರದ್ದು’ ಎಂಬುದು ಅರಬ್ಬೀ ಮೂಲದ್ದು. ಆದರೂ ಗಣಕದ ಗುಂಡಿಯ ಮೇಲೆ ಅದನ್ನು ಕಂಡು ಯಾರೂ ಪರಕೀಯವೆನ್ನರು.

ಕಸುಬಿನ ಮಾತುಗಳಿಗೆ ಇಲ್ಲಿ ವಿಶೇಷ ಸ್ಥಾನವಿದೆ. ಫ್ರಾನ್ಸಿನ ಜಾಕಾರ್ಡನು 1804ರ ಸುಮಾರಿಗೆ ತೂತು ಕೊರೆದ ರಟ್ಟುಗಳಿಂದ ಮಗ್ಗದಲ್ಲಿ ಚಿತ್ತಾರ ಮೂಡಿಸಿದನು. ಅದೇ ಉಪಾಯವನ್ನು ಬ್ಯಾಬೇಜನು ತನ್ನ ಗಣಿತಯಂತ್ರದ ಯೋಜನೆಯಲ್ಲಿ ಅಳವಡಿಸಿದನು. 1890ರ ಅಮೇರಿಕದ ಜನಗಣತಿಯಲ್ಲಿ ಹಾಲೆರಿತನ ಯಂತ್ರಗಳು ತೂತಿನ ರಟ್ಟುಗಳನ್ನೇ ಓದಿದುವು. ಇಂದಿಗೂ ತಂತ್ರಾಂಶದವರು ಏಕಕಾಲದಲ್ಲಿ ಸಾಗುವ ಕೆಲಸದ ಸಾಲುಗಳಿಗೆ ‘ಥ್ರೆಡ್’ ಎನ್ನುತ್ತಾರೆ, ದೋಷ ಮುಚ್ಚುವ ತುಣುಕಿಗೆ ‘ಪ್ಯಾಚ್’ ಎನ್ನುತ್ತಾರೆ. ಎಳೆ, ತೇಪೆ ಎಂಬ ಮಾತುಗಳನ್ನು ಕಬನೂರಿನ ನೇಕಾರನಿಗೆ ಯಾರೂ ಕಲಿಸಬೇಕಾಗಿಲ್ಲ.

ಬರೆಯುವುದು ಮತ್ತು ತಿದ್ದುವುದು

ಒಂದು ಒಳ್ಳೆಯ ನಮೂದಿನಲ್ಲಿ ಐದು ಅಂಗಗಳಿರಬೇಕು: ಮಾತು, ಅದು ನಾಮಪದವೋ ಕ್ರಿಯಾಪದವೋ ಎಂಬ ಸೂಚನೆ, ಒಂದು ವಾಕ್ಯದ ವಿವರಣೆ, ಬಳಕೆಯ ಉದಾಹರಣೆ, ಹಾಗೂ ಬಳಸಬಾರದ ಪರ್ಯಾಯ ರೂಪಗಳು. ‘ಓಪನ್’ ಎಂಬುದು ಆಜ್ಞೆಯಾದರೆ ‘ತೆರೆ’, ಸ್ಥಿತಿಯಾದರೆ ‘ತೆರೆದಿದೆ’. ಅನುವಾದಕನ ಕೈಗೆ ಬರುವುದು ಬಿಡಿ ಮಾತುಗಳ ಪಟ್ಟಿಯಾದುದರಿಂದ ಈ ಸೂಚನೆಯಿಲ್ಲದೆ ಅವನು ಎಡವುವುದು ನಿಶ್ಚಿತ.

ವಿವರಣೆಯು ತನ್ನ ಸುತ್ತಲೇ ತಿರುಗಬಾರದು. ‘ಕಡತವೆಂದರೆ ಗಣಕದ ಫೈಲು’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ‘ಒಂದು ಹೆಸರಿನಡಿಯಲ್ಲಿ ಗಣಕದಲ್ಲಿ ಉಳಿಸಿಟ್ಟ ಮಾಹಿತಿಯ ಕಂತೆ’ ಎಂದರೆ ಓದುಗನಿಗೆ ಹಿಡಿತ ದೊರೆಯುತ್ತದೆ. ಬಳಸಬಾರದ ರೂಪಗಳನ್ನು ಬರೆದಿಡುವುದೂ ಅಷ್ಟೇ ಅವಶ್ಯ. ಮಿಂಚಂಚೆ, ವಿ-ಅಂಚೆ, ಇ-ಅಂಚೆ, ಇಮೇಲ್ ಎಂದು ಒಂದೇ ವಸ್ತುವಿಗೆ ನಾಲ್ಕು ಹೆಸರುಗಳು ಓಡಾಡುತ್ತಿವೆ. ನಾಲ್ಕರಲ್ಲಿ ಯಾವುದೂ ಕೆಟ್ಟುದಲ್ಲ. ಒಂದು ಕೈಪಿಡಿಯಲ್ಲಿ ನಾಲ್ಕೂ ಇರುವುದು ಕೆಟ್ಟುದು. ಸಂಪಾದಕನು ಒಂದನ್ನು ಆರಿಸಿ, ಉಳಿದವುಗಳನ್ನು ಏಕೆ ಬಿಟ್ಟನೆಂದು ಟಿಪ್ಪಣಿ ಇಟ್ಟರೆ ಮುಂದಿನವರು ಅದೇ ವಾದವನ್ನು ಮೊದಲಿನಿಂದ ಹೂಡಬೇಕಾಗುವುದಿಲ್ಲ.

ಕನ್ನಡದ ವ್ಯಾಕರಣವು ಸಂಪಾದಕನ ಮುಂದೆ ಕೆಲವು ವಿಶಿಷ್ಟ ಪ್ರಶ್ನೆಗಳನ್ನೂ ಇಡುತ್ತದೆ. ಗುಂಡಿಯ ಮೇಲೆ ‘ಉಳಿಸು’ ಎಂದಿರಬೇಕೋ ‘ಉಳಿಸಿ’ ಎಂದಿರಬೇಕೋ? ಗುಂಡಿಯನ್ನು ಒತ್ತಿದಾಗ ಮನುಷ್ಯನು ಯಂತ್ರಕ್ಕೆ ಆಜ್ಞೆ ಕೊಡುತ್ತಾನೆ. ಯಂತ್ರಕ್ಕೆ ಬಹುವಚನದ ಮರ್ಯಾದೆ ಬೇಕಿಲ್ಲ. ಕೈಪಿಡಿಯು ಮನುಷ್ಯನೊಡನೆ ಮಾತನಾಡುತ್ತದೆ. ಅಲ್ಲಿ ಮರ್ಯಾದೆ ಬೇಕು. ಆದುದರಿಂದ ‘ಉಳಿಸು ಎಂಬ ಗುಂಡಿಯನ್ನು ಒತ್ತಿರಿ’ ಎಂಬ ವಾಕ್ಯದಲ್ಲಿ ಎರಡೂ ಸರಿಯಾಗಿ ಕೂಡಿಕೊಳ್ಳುತ್ತವೆ. ಇನ್ನು, ಯಂತ್ರವು ತಾನೇ ಕಡತದ ಹೆಸರನ್ನು ವಾಕ್ಯದಲ್ಲಿ ಸೇರಿಸುವಾಗ ವಿಭಕ್ತಿಪ್ರತ್ಯಯವು ಹೆಸರಿಗೆ ಅಂಟದೆ ‘ಅನ್ನು’ ಎಂದು ಬೇರೆಯಾಗಿ ತೇಲುತ್ತದೆ. ‘ಜಮಾಖರ್ಚು ಎಂಬ ಕಡತವನ್ನು ಅಳಿಸಲಾಗಿದೆ’ ಎಂದು ಬರೆದರೆ, ‘ಎಂಬ’ ಎನ್ನುವ ಎರಡಕ್ಷರವು ಆ ತೊಡಕನ್ನು ನೀಗಿಸುತ್ತದೆ.

ಇಂತಹ ನಿರ್ಣಯಗಳು ಒಬ್ಬನ ಅಭಿರುಚಿಯಿಂದ ಆಗತಕ್ಕವಲ್ಲ. 2008ರಲ್ಲಿ ರೆಡ್ ಹ್ಯಾಟ್ ಸಂಸ್ಥೆಯ ಆಶ್ರಯದಲ್ಲಿ ಆರಂಭವಾದ ಫ್ಯುಯೆಲ್ ಎಂಬ ಯೋಜನೆಯು ಗಣಕದ ತೆರೆಯ ಮೇಲೆ ಮತ್ತೆ ಮತ್ತೆ ಬರುವ ಮಾತುಗಳನ್ನು ಮೊದಲು ಪಟ್ಟಿಮಾಡಿ, ಭಾಷೆ ಬಲ್ಲವರೂ ತಂತ್ರ ಬಲ್ಲವರೂ ಒಟ್ಟಿಗೆ ಕುಳಿತು ಅವನ್ನು ತೀರ್ಮಾನಿಸುವ ಪದ್ಧತಿಯನ್ನು ಭಾರತೀಯ ಭಾಷೆಗಳಲ್ಲಿ ರೂಢಿಸಿತು. ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಮೊದಲಾದ ಮುಕ್ತ ತಂತ್ರಾಂಶಗಳು ಕನ್ನಡದಲ್ಲಿ ದೊರೆಯುವಂತಾದುದು ಸಂಬಳವಿಲ್ಲದೆ ದುಡಿದ ಅನೇಕ ಸ್ವಯಂಸೇವಕರ ಶ್ರಮದಿಂದಲೂ ಹೌದು.

ಗಡಿನಾಡಿನ ಕಿವಿ

ಎರಡು ಭಾಷೆಗಳ ನಡುವೆ ಬಾಳುವವರಿಗೆ ಒಂದು ಅಪಾಯವೂ ಒಂದು ಅನುಕೂಲವೂ ಉಂಟು. ಅಪಾಯವೆಂದರೆ ರೂಪದಲ್ಲಿ ಒಂದಾಗಿ ಅರ್ಥದಲ್ಲಿ ಬೇರೆಯಾದ ಮಾತುಗಳು. ಮರಾಠಿಯಲ್ಲಿ ‘ಸಂಚಿಕಾ’ ಎಂದರೆ ಫೈಲು. ಕನ್ನಡದಲ್ಲಿ ‘ಸಂಚಿಕೆ’ ಎಂದರೆ ಪತ್ರಿಕೆಯ ಒಂದು ತಿಂಗಳ ಅಂಕ. ಮರಾಠಿ ಕೈಪಿಡಿಯನ್ನು ಮುಂದಿಟ್ಟುಕೊಂಡು ಅವಸರದಲ್ಲಿ ಕನ್ನಡಕ್ಕೆ ತಿರುಗಿಸುವವನು ಇಲ್ಲಿ ಮುಗ್ಗರಿಸುವುದು ಸಹಜ.

ಅನುಕೂಲವು ಇದಕ್ಕಿಂತ ದೊಡ್ಡದು. ಮರಾಠಿ ತಂತ್ರಾಂಶಗಳಲ್ಲಿ ಉಳಿಸು ಎಂಬ ಆಜ್ಞೆಗೆ ‘ಜತನ ಕರಾ’ ಎಂದಿರುವುದನ್ನು ವಾಚಕರು ಕಂಡಿರಬಹುದು. ಜತನವೆಂಬುದು ನಮ್ಮ ಭಾಗದ ಕನ್ನಡದಲ್ಲಿಯೂ ಉಂಟು. ಬೆಲೆಬಾಳುವುದನ್ನು ನಾವು ಜತನವಾಗಿಡುತ್ತೇವೆ. ಹಾಗೆಂದು ಕನ್ನಡ ತಂತ್ರಾಂಶದ ‘ಉಳಿಸು’ ಎಂಬುದನ್ನು ಕಿತ್ತುಹಾಕಬೇಕೇ? ಬೇಡ. ತಲೆಬರಹದ ಮಾತು ಬೀದರದಿಂದ ಕಾಸರಗೋಡಿನವರೆಗೆ ಎಲ್ಲ ಕನ್ನಡಿಗರಿಗೂ ಒಂದೇ ಆಗಿರಲಿ. ಅದರ ವಿವರಣೆ ಮಾತ್ರ ಓದುವವನ ನೆಲದ ಮಾತಿನಲ್ಲಿರಲಿ: ‘ಉಳಿಸು: ಮಾಡಿದ ಕೆಲಸವನ್ನು ಮುಂದಿನ ಬಳಕೆಗೆ ಗಣಕದಲ್ಲಿ ಜತನವಾಗಿಡುವುದು.’ ಹೀಗೆ ಮಾಡಿದರೆ ಏಕರೂಪತೆಯೂ ಉಳಿಯಿತು, ಮರಾಠಿ ಶಾಲೆಯಲ್ಲಿ ಓದಿ ಮನೆಯಲ್ಲಿ ಕನ್ನಡವಾಡುವ ಹುಡುಗನಿಗೆ ಅರ್ಥವೂ ಆಯಿತು.

ಲಾಳಿಯಿಲ್ಲದ ಹೊಸ ಮಗ್ಗಗಳು ಈಗ ಬಂದಿವೆ. ಅವುಗಳ ವೇಗವನ್ನೂ ಎಳೆ ಹರಿದುದನ್ನೂ ತೋರಿಸುವುದು ಗಣಕದ ಫಲಕ. ಅದರ ಮುಂದೆ ನಿಂತವನಿಗೆ ನೇಯ್ಗೆ ಗೊತ್ತು, ಫಲಕದ ಭಾಷೆ ಗೊತ್ತಿಲ್ಲ. ಅವನ ಮಕ್ಕಳಲ್ಲಿ ಗಣಕ ಕಲಿತವರಿಗೆ ಫಲಕದ ಭಾಷೆ ಗೊತ್ತು, ಅವನು ಆಡುವ ಮಾತು ಮರೆಯುತ್ತಿದೆ. ಇಬ್ಬರೂ ಕೂಡಿ ಕುಳಿತರೆ ಒಂದು ಬೇಸಗೆಯ ರಜೆಯಲ್ಲಿ ನೂರು ಮಾತುಗಳ ಪದಕೋಶ ಸಿದ್ಧವಾದೀತು. ಎಡಗಡೆಗೆ ಫಲಕದ ಮೇಲಿನ ಮಾತು, ನಡುವೆ ಒಂದು ವಾಕ್ಯದ ವಿವರಣೆ, ಬಲಗಡೆಗೆ ಕನ್ನಡದ ಹೆಸರು, ಕೆಳಗೆ ಬರೆದ ದಿನಾಂಕ. ಯಂತ್ರ ಬದಲಾದಂತೆ ಕೋಶವೂ ಬದಲಾಗಬೇಕಾದುದರಿಂದ ದಿನಾಂಕವನ್ನು ಮರೆಯಬಾರದು. ಬರೆದುದನ್ನು ಮಗ್ಗದ ಮುಂದೆಯೇ ಓದಿ ಹೇಳಿ, ಕೇಳಿದವನು ಸರಿಯಾದ ಗುಂಡಿಯನ್ನು ಒತ್ತುವನೇ ಎಂದು ನೋಡಬೇಕು. ಒತ್ತಿದರೆ ಆ ಮಾತು ನಿಂತಿತು. ಒತ್ತದಿದ್ದರೆ ತಿದ್ದತಕ್ಕುದು ಮಾತನ್ನು, ಅವನನ್ನಲ್ಲ.