ಸಭಾಜೀವನದಲ್ಲಿ ಯಥಾರ್ಥತೆ

ದೇವಾಲಯದಲ್ಲಿ ನಾವು ಬಾಯಿಂದ ಅರಿಕೆಮಾಡುವ ಮಾತಿಗೂ, ಹೃದಯದಲ್ಲಿರುವ ಭಾವಕ್ಕೂ, ಮನೆಯಲ್ಲಿ ನಡೆದುಕೊಳ್ಳುವ ರೀತಿಗೂ ಹೊಂದಿಕೆಯಿರಬೇಕೆಂಬ ಹಂಬಲವು ಪ್ರತಿಯೊಂದು ತಲೆಮಾರಿನ ಕ್ರೈಸ್ತರಲ್ಲಿಯೂ ಹುಟ್ಟುತ್ತದೆ. ಯೌವನಸ್ಥರಲ್ಲಿ ಇದು ಬಹು ತೀವ್ರವಾಗಿರುತ್ತದೆ. ಹಿರಿಯರಾದ ನಾವು ಅದನ್ನು ಎಷ್ಟೋ ಸಾರಿ ಅವಿಧೇಯತೆಯೆಂದು ಎಣಿಸುತ್ತೇವೆ. ನಾನೂ ಒಮ್ಮೆ ಹಾಗೆಯೇ ಎಣಿಸಿದೆನು.

ಕೆಲವು ವರುಷಗಳ ಹಿಂದೆ ಮೇಲಿನ ತರಗತಿಯ ಒಬ್ಬ ವಿದ್ಯಾರ್ಥಿನಿಯು ಬೆಳಗಿನ ಪ್ರಾರ್ಥನೆಯಲ್ಲಿ ಎಲ್ಲರೊಡನೆ ನಿಂತಿದ್ದರೂ ವಿಶ್ವಾಸಪ್ರಮಾಣವನ್ನು ಹೇಳುವಾಗ ಬಾಯಿ ತೆರೆಯದೆ ಇರುವುದನ್ನು ಕಂಡೆನು. ಅವಳು ಆ ವರುಷ ದೃಢೀಕರಣ ಹೊಂದತಕ್ಕವಳಾಗಿದ್ದಳು. ನಾನು ಅವಳನ್ನು ನನ್ನ ಕೊಠಡಿಗೆ ಕರೆಯಿಸಿ, ಕಿರಿಯ ಮಕ್ಕಳಿಗೆ ಇದು ಎಂಥಾ ಮಾದರಿಯೆಂದು ಗದರಿಸಿದೆನು. ಅವಳು ತಲೆ ತಗ್ಗಿಸಿ, “ಅಮ್ಮಾ, ತಮ್ಮ ತೀರಿಕೊಂಡ ದಿನದಿಂದ ಆ ಮಾತುಗಳನ್ನು ಹೇಳಲು ನನ್ನಿಂದಾಗುತ್ತಿಲ್ಲ. ನಂಬದೆ ಹೇಳಿದರೆ ಸುಳ್ಳಾಗುವುದಿಲ್ಲವೇ? ಸುಳ್ಳಾಡಬಾರದೆಂದು ನೀವೇ ಕಲಿಸಿದ್ದೀರಲ್ಲಾ” ಅಂದಳು. ನನಗೆ ಉತ್ತರ ತೋಚಲಿಲ್ಲ. “ತುಟಿಯನ್ನಾದರೂ ಆಡಿಸು” ಎಂದು ಹೇಳಿ ಕಳುಹಿಸಿಬಿಟ್ಟೆನು.

ಆ ಸಾಯಂಕಾಲವೇ ನನ್ನ ಮಾತು ನನ್ನನ್ನು ಚುಚ್ಚತೊಡಗಿತು. ಯಾಕಂದರೆ ಸುವಾರ್ತೆಗಳಲ್ಲಿ ಕಪಟಿಗಳೆಂದು ಕನ್ನಡವಾಗಿರುವ ಶಬ್ದದ ಮೂಲವು ಗ್ರೀಕ್ ಭಾಷೆಯ ಹುಪೊಕ್ರಿತೇಸ್ ಎಂಬದು. ನಾಟಕಶಾಲೆಯಲ್ಲಿ ವೇಷ ಕಟ್ಟಿ ಆಡುವವನಿಗೆ ಗ್ರೀಕರು ಕೊಟ್ಟ ಹೆಸರದು. ತುಟಿಯನ್ನಾಡಿಸೆಂದಾಗ ನಾನು ಆ ಹುಡುಗಿಗೆ ಕಲಿಸಿದ್ದು ವೇಷವನ್ನೇ ಅಲ್ಲವೇ?

ಅಪೊಸ್ತಲರ ಕೃತ್ಯಗಳ ಐದನೆಯ ಅಧ್ಯಾಯದಲ್ಲಿರುವ ಅನನೀಯ ಸಪ್ಫೈರರ ವೃತ್ತಾಂತವನ್ನು ಬಾಲ್ಯದಲ್ಲಿ ನಾವೆಲ್ಲರೂ ಭಯದಿಂದ ಕೇಳಿದ್ದೇವೆ. ಆ ದಂಪತಿಗಳು ಭೂಮಿಯನ್ನು ಮಾರಿ ಕ್ರಯದಲ್ಲಿ ಸ್ವಲ್ಪವನ್ನು ಬಚ್ಚಿಟ್ಟುಕೊಂಡರು. ಹೊಲವೂ ಹಣವೂ ಅವರ ಸ್ವಾಧೀನದಲ್ಲಿಯೇ ಇದ್ದವೆಂದು ಪೇತ್ರನು ಸ್ಪಷ್ಟವಾಗಿ ತಿಳಿಸಿದನು. ಅರ್ಧವನ್ನು ತಂದು ಅರ್ಧವೆಂದೇ ಹೇಳಿದ್ದರೆ ದೋಷವಿರುತ್ತಿರಲಿಲ್ಲ. ಅರ್ಧವನ್ನು ಪೂರ್ಣವೆಂದು ತೋರಿಸಿದ್ದೇ ಅಪರಾಧವಾಯಿತು. ಹಣದ ವಿಷಯದಲ್ಲಿ ಹೇಗೋ ನಂಬಿಕೆಯ ವಿಷಯದಲ್ಲಿಯೂ ಹಾಗೆಯೇ. ಮಾರ್ಕನ ಸುವಾರ್ತೆಯ ಒಂಭತ್ತನೆಯ ಅಧ್ಯಾಯದಲ್ಲಿ ರೋಗಿಯಾದ ಹುಡುಗನ ತಂದೆಯು ತನ್ನ ನಂಬಿಕೆಯನ್ನೂ ಅಪನಂಬಿಕೆಯನ್ನೂ ಒಂದೇ ಉಸುರಿನಲ್ಲಿ ಅರಿಕೆಮಾಡಿಕೊಂಡನು. ಯೇಸುಸ್ವಾಮಿಯು ಅವನನ್ನು ತಳ್ಳಿಬಿಡದೆ ಮಗನನ್ನು ಗುಣಪಡಿಸಿದನು.

ಯಥಾರ್ಥತೆಯು ಬೇಕೆಂದು ಕೆಲವರು ಬರೆದಿಟ್ಟ ಪ್ರಾರ್ಥನೆಗಳನ್ನೂ ಕ್ರಮಗಳನ್ನೂ ಬಿಟ್ಟುಬಿಡಬೇಕೆನ್ನುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಹಣತೆಯು ಬೆಳಕಲ್ಲವೆಂಬದು ನಿಜ. ಆದರೂ ಹಣತೆಯಿಲ್ಲದೆ ಎಣ್ಣೆ ನಿಲ್ಲದು. 325ನೆಯ ಇಸವಿಯಲ್ಲಿ ನಿಕೇಯ ಪಟ್ಟಣದಲ್ಲಿ ಕೂಡಿದ ಸಭಾಧ್ಯಕ್ಷರು ತಮ್ಮ ವಿಶ್ವಾಸಪ್ರಮಾಣವನ್ನು “ನಾವು” ಎಂಬ ಬಹುವಚನದಲ್ಲಿ ಆರಂಭಿಸಿದರು. ನಮ್ಮಲ್ಲಿ ಒಬ್ಬಳಿಗೆ ದುಃಖದಿಂದ ಬಾಯಿ ಬಾರದೆ ಹೋದರೆ ಮಿಕ್ಕವರು ಅವಳನ್ನು ಸೇರಿಸಿಕೊಂಡು ಹೇಳುತ್ತಾರೆ. ಅವಳು ಸುಮ್ಮನೆ ನಿಂತಿದ್ದರೂ ಸಭೆಯ ಹೊರಗಿನವಳಾಗುವುದಿಲ್ಲ.

ಮಾತು ನಮ್ಮದಾಗಿರಬೇಕಾದರೆ ಭಾಷೆಯೂ ನಮ್ಮದಾಗಿರಬೇಕಷ್ಟೆ. ಪರದೇಶದ ರಾಗಕ್ಕೆ ಕನ್ನಡ ಪದಗಳನ್ನು ಬಲವಂತವಾಗಿ ಹೊಂದಿಸಿದರೆ ಹ್ರಸ್ವವು ದೀರ್ಘವಾಗಿ, ಹಾಡುವವರಿಗೇ ಅರ್ಥವು ಮರೆಯಾಗುವುದುಂಟು. ಬಾಸೆಲ್ ಮಿಶನ್ನಿನ ಫೆರ್ಡಿನೆಂಡ್ ಕಿಟ್ಟೆಲರು ಕ್ರಿಸ್ತಚರಿತ್ರೆಯನ್ನು 1862ರಲ್ಲಿ “ಕಥಾಮಾಲೆ”ಯಾಗಿ ಈ ನಾಡಿನ ಛಂದಸ್ಸಿನಲ್ಲಿಯೇ ರಚಿಸಿದರು. ಅವರು 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ 1894ರಲ್ಲಿ ತಮ್ಮ ಮಹಾನಿಘಂಟನ್ನೂ ಪ್ರಕಟಿಸಿದರು. ಸಭಾಪಾಲಕರಾಗಿದ್ದ ಉತ್ತಂಗಿ ಚೆನ್ನಪ್ಪನವರು ಊರೂರಿಂದ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚುಹಾಕಿಸಿದರು; 1949ರಲ್ಲಿ ಕಲಬುರಗಿಯ ಸಾಹಿತ್ಯಸಮ್ಮೇಲನಕ್ಕೆ ಅಧ್ಯಕ್ಷರಾದರು. ಕ್ರೈಸ್ತರಾಗಿರುವುದಕ್ಕೆ ಕನ್ನಡಿಗರಲ್ಲದ ವೇಷ ಬೇಕಿಲ್ಲವೆಂಬದನ್ನು ಅವರು ಬಾಳಿ ತೋರಿಸಿದರು. ಆದರೆ ದೇಶೀಯ ರಾಗವನ್ನಾಗಲಿ ತಬಲವನ್ನಾಗಲಿ ತಂದ ಮಾತ್ರಕ್ಕೆ ಯಥಾರ್ಥತೆಯು ಬಂದುಬಿಡುವುದಿಲ್ಲ. ಮನಸ್ಸು ಬೇರೆ ಕಡೆಗಿದ್ದರೆ ಅದೂ ಮತ್ತೊಂದು ವೇಷವೇ.

ಹಾಗಾದರೆ ಮಾಡತಕ್ಕದ್ದೇನು? ದೃಢೀಕರಣದ ತರಗತಿಯಲ್ಲಿ ಕಂಠಪಾಠವನ್ನು ಒಪ್ಪಿಸಿಕೊಳ್ಳುವುದರ ಸಂಗಡ, ತಿಳಿಯದ್ದನ್ನೂ ನಂಬಲಾಗದ್ದನ್ನೂ ಭಯವಿಲ್ಲದೆ ಹೇಳುವುದಕ್ಕೆ ಮಕ್ಕಳಿಗೆ ಅವಕಾಶ ಕೊಡೋಣ. ಊಟದ ಏರ್ಪಾಡಾಗಿದೆ, ನೆಂಟರು ಬರುತ್ತಾರೆ ಎಂಬ ಕಾರಣದಿಂದ ಯಾರನ್ನೂ ಪ್ರಮಾಣಕ್ಕೆ ನಿಲ್ಲಿಸದಿರೋಣ. ಹಿರಿಯರು ತಮ್ಮ ತಪ್ಪನ್ನು ಕಿರಿಯರ ಮುಂದೆ ಒಪ್ಪಿಕೊಳ್ಳಲು ನಾಚದಿರಲಿ.

ಈ ಕೊನೆಯದನ್ನು ನಾನೇ ಮೊದಲು ಮಾಡಬೇಕಾಯಿತು. ಮರುದಿನ ಆ ಹುಡುಗಿಯನ್ನು ಕರೆದು, “ಮಗಳೇ, ನಾನು ನಿನಗೆ ತಪ್ಪಾಗಿ ಹೇಳಿದೆನು. ನಿನ್ನಿಂದಾಗುವ ವರೆಗೆ ಸುಮ್ಮನೆ ನಿಲ್ಲು, ನಾವು ಹೇಳುತ್ತೇವೆ” ಅಂದೆನು. ಅವಳು ಅತ್ತಳು; ನಾನೂ ಅತ್ತೆನು. ಆ ವರುಷ ಅವಳು ದೃಢೀಕರಣಕ್ಕೆ ನಿಲ್ಲಲಿಲ್ಲ. ಆದರೆ ಒಂದು ದಿನವೂ ಪ್ರಾರ್ಥನೆಗೆ ತಪ್ಪಿಸಿಕೊಳ್ಳಲಿಲ್ಲ. ಶಾಲೆ ಬಿಡುವ ದಿನ ತನ್ನ ತಮ್ಮನಿಗೋಸ್ಕರ ಪ್ರಾರ್ಥಿಸಬೇಕೆಂದು ತಾನಾಗಿಯೇ ನನ್ನನ್ನು ಕೇಳಿಕೊಂಡಳು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿರುವಷ್ಟನ್ನೇ ದೇವರ ಸನ್ನಿಧಿಗೆ ತನ್ನಿರಿ, ಇಲ್ಲದ್ದನ್ನು ಇದೆಯೆನ್ನಬೇಡಿರಿ. ಕೊರತೆಯನ್ನು ತುಂಬುವವನು ಆತನೇ.