ಅರಳುವುದಕ್ಕೆ ಅವಸರ ಕೂಡದು

ಬೆಂಗಳೂರಿನ ತಿಲಕ್ ನಗರದ ಯಾವ ದಿನಸಿ ಅಂಗಡಿಯಲ್ಲಿ ಪ್ಯಾರಾಚೂಟ್ ಕೇಳಿದರೂ ಕೈಗೆ ಬರುವುದು ಕೊಬ್ಬರಿ ಎಣ್ಣೆಯ ನೀಲಿ ಬಾಟಲಿ. ಆಕಾಶದ ಪ್ಯಾರಾಚೂಟಿನ ನಂಟು ಬೇಕೆಂದರೆ ಊರಿನ ಆಚೆ ಬದಿಗೆ, ಜಯಮಹಲ್ ಕಡೆಗೆ ಹೋಗಬೇಕು. ಭಾರತೀಯ ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಅಲ್ಲಿದೆ. 1992ರಲ್ಲಿ ಆಗ್ರಾದಿಂದ ಬೆಂಗಳೂರಿಗೆ ಬಂದದ್ದು. ಜಿಗಿಯುವುದನ್ನು ಕಲಿಯಲು ಮಾತ್ರ ಯೋಧರು ಇಂದಿಗೂ ಆಗ್ರಾಕ್ಕೇ ಹೋಗುತ್ತಾರೆ. ರೆಜಿಮೆಂಟಿನ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿರುವ ಮಹೇಂದ್ರ ಸಿಂಗ್ ಧೋನಿ 2015ರ ಆಗಸ್ಟ್‌ನಲ್ಲಿ ಎಎನ್-32 ವಿಮಾನದಿಂದ ಮೊದಲು ಜಿಗಿದದ್ದೂ ಅಲ್ಲೇ, ಸುಮಾರು 1,250 ಅಡಿ ಎತ್ತರದಿಂದ.

ಆ ಎತ್ತರದಿಂದ ಬರಿಗೈಲಿ ಬಿದ್ದರೆ ನೆಲ ಮುಟ್ಟಲು ಹತ್ತು-ಹನ್ನೊಂದು ಸೆಕೆಂಡು ಸಾಕು. ಹಾಗಾಗಿ ಪ್ಯಾರಾಚೂಟ್ ಬಿಚ್ಚುವ ಕೆಲಸವನ್ನು ಯೋಧನಿಗೆ ಬಿಟ್ಟಿಲ್ಲ. ಬೆನ್ನಚೀಲದಿಂದ ಹೊರಟ ಪಟ್ಟಿಯ ಕೊಕ್ಕೆಯನ್ನು ವಿಮಾನದೊಳಗಿನ ತಂತಿಗೆ ಸಿಕ್ಕಿಸಿರುತ್ತಾರೆ. ಆತ ಬಾಗಿಲು ದಾಟಿದಂತೆ ಪಟ್ಟಿ ಬಿಗಿಯುತ್ತದೆ, ಹಗ್ಗಗಳು ಹೊರಬರುತ್ತವೆ, ಹಿಂದೆಯೇ ನೈಲಾನ್ ಬಟ್ಟೆ. ಆತ ಮನಸ್ಸಿನಲ್ಲೇ ಸೆಕೆಂಡು ಎಣಿಸಿ, ತಲೆಯೆತ್ತಿ ಕೊಡೆ ಸರಿಯಾಗಿ ಅರಳಿದೆಯೇ ನೋಡಬೇಕು. ಇಲ್ಲವಾದರೆ ಎದೆಯ ಮೇಲಿನ ಮೀಸಲು ಪ್ಯಾರಾಚೂಟಿಗೆ ಕೈ ಹಾಕಬೇಕು.

ಅರಳಿದ ಮೇಲೆ ಸೆಕೆಂಡಿಗೆ 5 ಮೀಟರ್ ಆಸುಪಾಸಿನ ವೇಗ. ನಾಲ್ಕಡಿ ಎತ್ತರದ ಕಾಂಪೌಂಡ್ ಗೋಡೆಯಿಂದ ಹಾರಿದರೆ ಕಾಲಿಗೆ ಬೀಳುವ ಪೆಟ್ಟೇ ಇಲ್ಲಿಯೂ ಬೀಳುವುದು. ಕಾಲು ಜೋಡಿಸಿ, ಮಂಡಿ ತುಸು ಮಡಿಚಿ, ನೆಲ ಮುಟ್ಟುತ್ತಲೇ ಪಕ್ಕಕ್ಕೆ ಉರುಳುವುದನ್ನು ಮೊದಲ ಪಾಠವಾಗಿ ಹೇಳಿಕೊಡುವುದು ಇದಕ್ಕೇ.

ಬಹಳ ಎತ್ತರದಿಂದ ಹಾರುವ ಸ್ಕೈಡೈವಿಂಗ್‌ನಲ್ಲಿ ಚಿಂತೆಯೇ ಬೇರೆ. ಹೊಟ್ಟೆ ಕೆಳಗಾಗಿ ಬೀಳುವ ಮನುಷ್ಯನ ವೇಗ ಗಂಟೆಗೆ 200 ಕಿ.ಮೀ. ಹತ್ತಿರ, ಅಂದರೆ ಸೆಕೆಂಡಿಗೆ 55 ಮೀಟರ್, ತಲುಪಿ ಅಲ್ಲೇ ನಿಲ್ಲುತ್ತದೆ; ಆಗ ಗಾಳಿಯ ತಡೆಯೂ ಮೈಭಾರವೂ ಸರಿಸಮ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 5 ಮೀಟರ್ ವೇಗದಲ್ಲಿ ಮೈಭಾರ ಹೊರುವ ಕೊಡೆ 55 ಮೀಟರ್ ವೇಗದಲ್ಲಿ ಒಮ್ಮೆಲೇ ಪೂರ್ತಿ ಅರಳಿದರೆ ಲೆಕ್ಕದ ಪ್ರಕಾರ ಎಳೆತ ಮೈಭಾರದ 121 ಪಟ್ಟು! ಬಟ್ಟೆ ಹರಿಯುತ್ತದೆ, ಇಲ್ಲವೇ ಮನುಷ್ಯ ಉಳಿಯುವುದಿಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ನಂಬಲಾಗದಷ್ಟು ಸರಳ. ನಾಲ್ಕು ಮೂಲೆಗೂ ಬಳೆ ಹಾಕಿದ ಸಣ್ಣ ಬಟ್ಟೆಯ ತುಂಡು, ಹೆಸರು ಸ್ಲೈಡರ್. ಹಗ್ಗಗಳು ಆ ಬಳೆಗಳೊಳಗಿಂದ ಹಾದುಬರುತ್ತವೆ. ಮೊದಲು ಅದು ಕೊಡೆಗೆ ತಾಗಿಕೊಂಡಂತೆ ಮೇಲೆಯೇ ಇದ್ದು, ಎದುರು ಗಾಳಿಗೆ ಒತ್ತಿಕೊಂಡು, ಹಗ್ಗಗಳು ಹರಡಿಕೊಳ್ಳದಂತೆ ಹಿಡಿದಿರುತ್ತದೆ. ವೇಗ ತಗ್ಗಿದಂತೆ ಕೆಳಕ್ಕೆ ಜಾರುತ್ತಾ ಬರುತ್ತದೆ. ಕೊಡೆ ಕೆಲವು ಸೆಕೆಂಡುಗಳಲ್ಲಿ ಅರಳುತ್ತದೆ.

ಮುಖ್ಯ ಪ್ಯಾರಾಚೂಟ್ ಸಿಕ್ಕು ಹಾಕಿಕೊಂಡರೆ ಅದನ್ನು ಮೊದಲು ಕಳಚಿಬಿಟ್ಟು ಆಮೇಲೆ ಮೀಸಲನ್ನು ಬಿಚ್ಚಬೇಕು. ಇಲ್ಲದಿದ್ದರೆ ಎರಡೂ ಹೆಣೆದುಕೊಳ್ಳುವ ಅಪಾಯ. ಎಚ್ಚರ ತಪ್ಪಿದವರಿಗಾಗಿ ಗಾಳಿಯ ಒತ್ತಡ ಅಳೆಯುವ ಪುಟ್ಟ ಯಂತ್ರವೂ ಚೀಲದಲ್ಲಿರುತ್ತದೆ. ಜರ್ಮನಿಯಿಂದ 1991ರಲ್ಲಿ ಬಂದ ಸೈಪ್ರೆಸ್ ಇವುಗಳಲ್ಲಿ ಹೆಸರುವಾಸಿ. ಸುಮಾರು 750 ಅಡಿಗೆ ಇಳಿದರೂ ಬೀಳುವ ವೇಗ ತಗ್ಗದಿದ್ದರೆ ಅದು ಮೀಸಲು ಚೀಲದ ಕಟ್ಟನ್ನು ತಾನೇ ಕತ್ತರಿಸುತ್ತದೆ. ಆದರೂ ಅನುಭವಿಗಳೇ ಸಾಯುವುದುಂಟು, ಅದೂ ಚೆನ್ನಾಗಿ ಅರಳಿದ ಕೊಡೆಯ ಕೆಳಗೆ: ನೆಲಕ್ಕೆ ತೀರಾ ಹತ್ತಿರದಲ್ಲಿ ರಭಸದ ತಿರುವು ತೆಗೆದುಕೊಂಡು. ಆ ಹುಚ್ಚಾಟಕ್ಕೆ ಯಂತ್ರದ ಬಳಿ ಮದ್ದಿಲ್ಲ.

ಬೆಂಗಳೂರಿನ ಮಾನವ ಬಾಹ್ಯಾಕಾಶಯಾನ ಕೇಂದ್ರದ ಹೊಣೆಯಲ್ಲಿರುವ ಗಗನಯಾನಕ್ಕೂ ಇದೇ ತಲೆನೋವು, ಟನ್‌ಗಟ್ಟಲೆ ತೂಕದಲ್ಲಿ. ಗಗನಯಾತ್ರಿಗಳ ಕೋಶಕ್ಕೆ ಒಟ್ಟು 10 ಪ್ಯಾರಾಚೂಟುಗಳು. ಮೊದಲೆರಡು ಮುಚ್ಚಳ ಕೀಳುತ್ತವೆ, ಮತ್ತೆರಡು ಓಲಾಟ ನಿಲ್ಲಿಸಿ ವೇಗ ತಗ್ಗಿಸುತ್ತವೆ, ಮೂರು ಚಿಕ್ಕವು 25 ಮೀಟರ್ ವ್ಯಾಸದ ಮೂರು ದೊಡ್ಡವನ್ನು ಹೊರಗೆಳೆಯುತ್ತವೆ. ದೊಡ್ಡವುಗಳಲ್ಲಿ ಎರಡು ಅರಳಿದರೂ ಸಾಕು. ಇದು ಬರೀ ಕಾಗದದ ಮೇಲಿನ ಧೈರ್ಯವಲ್ಲ: 1971ರ ಆಗಸ್ಟ್‌ನಲ್ಲಿ ಚಂದ್ರನಿಂದ ಮರಳಿದ ಅಪೊಲೊ-15ರ ಮೂರರಲ್ಲಿ ಒಂದು ಕೈಕೊಟ್ಟರೂ ಮೂವರು ಯಾತ್ರಿಗಳು ಸುರಕ್ಷಿತವಾಗಿ ಸಮುದ್ರಕ್ಕಿಳಿದರು.

ಗಗನಯಾನದ ದೊಡ್ಡ ಪ್ಯಾರಾಚೂಟುಗಳ ಬಾಯನ್ನು ಮೊದಲು ಅರ್ಧಂಬರ್ಧ ಕಟ್ಟಿರುತ್ತಾರೆ. ನಿಗದಿತ ಸಮಯದ ನಂತರ ಸಣ್ಣ ಸಿಡಿಮದ್ದಿನ ಸಾಧನ ಆ ಕಟ್ಟನ್ನು ಕತ್ತರಿಸುತ್ತದೆ. ಎರಡರ ಕಟ್ಟು ಒಟ್ಟಿಗೆ ಬಿಚ್ಚದೆ ಒಂದು ತಡವಾದರೆ? 2025ರ ನವೆಂಬರ್ 3ರಂದು ಝಾನ್ಸಿ ಬಳಿಯ ಬಬೀನಾದಲ್ಲಿ ಐಎಲ್-76 ವಿಮಾನದಿಂದ, ಎರಡೂವರೆ ಕಿ.ಮೀ. ಎತ್ತರದಲ್ಲಿ, ಕೋಶದಷ್ಟೇ ತೂಕದ ಭಾರವನ್ನು ಕೆಳಗೆ ಬಿಟ್ಟು, ಬೇಕೆಂದೇ ಅಂಥ ತಡವನ್ನು ಉಂಟುಮಾಡಿ ಪರೀಕ್ಷಿಸಿದರು. ಭಾರ ಓಲಾಡದೆ ಮೆತ್ತಗೆ ನೆಲಕ್ಕಿಳಿಯಿತು.